ಸಂಭಾಷಣೆಯ ಹಾಳೆಯೂ ಖರ್ಚಿನ ಪಟ್ಟಿಯೂ

(ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಕನ್ನಡ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆ ದಿನ ಹೇಳಿದಂತೆಯೇ ಇದೆ.)

ಧಾರಾವಾಹಿ ಮುಗಿದ ಮೇಲೆ ಓಡುವ ಹೆಸರುಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ. ಈಗಂತೂ ಅದು ಓದಲಾಗದಷ್ಟು ವೇಗವಾಗಿ ಓಡುತ್ತದೆ. ನಾನು ಇವತ್ತಿಗೂ ಓದುತ್ತೇನೆ. ಇಪ್ಪತ್ತೆರಡು ವರ್ಷ ಆ ಪಟ್ಟಿಯಲ್ಲಿ 'ಸಂಭಾಷಣೆ' ಎಂಬ ಪದದ ಕೆಳಗೆ ನನ್ನ ಹೆಸರಿತ್ತು. ಒಂದೇ ಒಂದು ಸಲ, ಏಳು ತಿಂಗಳ ಮಟ್ಟಿಗೆ, 'ನಿರ್ಮಾಣ' ಎಂಬ ಪದದ ಕೆಳಗೂ ಇತ್ತು. ಆ ಏಳು ತಿಂಗಳಲ್ಲಿ ಕಲಿತದ್ದು ಉಳಿದ ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು ಎಂದರೆ ನನ್ನ ಮನೆಯವರು ಒಪ್ಪುವುದಿಲ್ಲ, ಏಕೆಂದರೆ ಆ ಕಲಿಕೆಯ ಶುಲ್ಕವನ್ನು ಕಟ್ಟಿದ್ದು ನಮ್ಮ ಅಡಿಕೆ ತೋಟ.

ನಿಮ್ಮ ವಿಭಾಗದವರು ನನಗೆ ಕೊಟ್ಟ ವಿಷಯ ಧಾರಾವಾಹಿ ಬರಹಗಾರರ ವೃತ್ತಿಜೀವನ. ಅದಕ್ಕೆ 'ನಿರ್ಮಾಪಕ' ಎಂಬ ಪದವನ್ನು ನಾನೇ ಸೇರಿಸಿಕೊಂಡಿದ್ದೇನೆ. ಕನ್ನಡದ ಕಿರುತೆರೆಯಲ್ಲಿ ಬರಹಗಾರರೆಂದು ಜನ ಹೆಸರಿಟ್ಟು ಗುರುತಿಸುವವರು ಬಹಳ ಕಡಿಮೆ, ಮತ್ತು ಆ ಕಡಿಮೆ ಜನರಲ್ಲಿ ಮೊದಲು ನೆನಪಾಗುವ ಟಿ.ಎನ್. ಸೀತಾರಾಮ್ ಅವರು ಬರೆದದ್ದಲ್ಲದೆ ನಿರ್ಮಿಸಿದವರು, ನಿರ್ದೇಶಿಸಿದವರು, ಸಾಲದ್ದಕ್ಕೆ ನಟಿಸಿದವರೂ ಹೌದು. ಇವರ ವೃತ್ತಿಜೀವನವನ್ನು ಸಾಹಿತ್ಯದ ಕಡೆಯಿಂದ ನೋಡಿ ಬರೆದವರಿದ್ದಾರೆ, ಸಾಮಾಜಿಕ ಕಾಳಜಿಯ ಕಡೆಯಿಂದ ನೋಡಿದವರೂ ಇದ್ದಾರೆ. ನಾನು ನೋಡಬೇಕೆಂದಿರುವುದು ಖರ್ಚಿನ ಪಟ್ಟಿಯ ಕಡೆಯಿಂದ. ಬರೆಯುವವನೂ ಹಣ ಹಾಕುವವನೂ ಒಬ್ಬನೇ ಆದಾಗ ಕಥೆಯ ಅರ್ಧ ಭಾಗವನ್ನು ಖರ್ಚಿನ ಪಟ್ಟಿಯೇ ಬರೆದುಬಿಡುತ್ತದೆ. ಸೀತಾರಾಮ್ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬಾಬತ್ತು ಯಾವುದೋ ಅದನ್ನೇ ಬಂಡವಾಳ ಮಾಡಿಕೊಂಡರು. ಆ ಬಾಬತ್ತು ಮಾತು.

ಶಿವಮೊಗ್ಗದಲ್ಲಿ ನಿಂತು ಧಾರಾವಾಹಿ ಎಂದರೆ ಮೊದಲು ಆಗುಂಬೆಯ ಪ್ರಸ್ತಾಪ ಬರಬೇಕು, ಇಲ್ಲದಿದ್ದರೆ ನೀವು ನನ್ನನ್ನು ಎಬ್ಬಿಸಿ ಕಳಿಸುತ್ತೀರಿ. 1986ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಮಾಲ್ಗುಡಿ ಡೇಸ್' ಬಹುಪಾಲು ಅಲ್ಲೇ ಚಿತ್ರೀಕರಣವಾಯಿತು. ಕಥೆಗಳು ಆರ್.ಕೆ. ನಾರಾಯಣ್ ಅವರವು, ನಿರ್ದೇಶನ ಶಂಕರ್‌ನಾಗ್, ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್. ಊರಿನ ದೊಡ್ಡಮನೆಯ ಜಗಲಿ, ಪೇಟೆಯ ಬೀದಿ, ಅರಸಾಳಿನ ರೈಲು ನಿಲ್ದಾಣ ಎಲ್ಲವೂ ಮಾಲ್ಗುಡಿಯಾದವು. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಇಂದು ಮಾಲ್ಗುಡಿ ಹೆಸರಿನ ಸಂಗ್ರಹಾಲಯವಾಗಿದೆ. ನಮ್ಮ ಜಿಲ್ಲೆಯ ಅಂಗಳದಲ್ಲಿ ನಡೆದ ಈ ಧಾರಾವಾಹಿ ಕನ್ನಡದ್ದಲ್ಲ, ಮುಖ್ಯವಾಗಿ ಹಿಂದಿಯದು ಎಂಬುದನ್ನು ನಾವು ಅನೇಕ ಸಲ ಮರೆಯುತ್ತೇವೆ. ಅದಿರಲಿ. ನನಗೆ ಬೇಕಾದದ್ದು ಒಂದು ಲೆಕ್ಕ. ಶಂಕರ್‌ನಾಗ್ ನಿರ್ದೇಶಿಸಿದ್ದು 39 ಕಂತು. ದೂರದರ್ಶನದವರು ಆಗ ಹದಿಮೂರರ ಲೆಕ್ಕದಲ್ಲಿ ಕಂತುಗಳನ್ನು ಒಪ್ಪುತ್ತಿದ್ದರು, ವಾರಕ್ಕೊಂದರಂತೆ ಹದಿಮೂರು ವಾರವೆಂದರೆ ಒಂದು ತ್ರೈಮಾಸಿಕ. ಮೂರು ಹದಿಮೂರು ಸೇರಿದರೆ 39. ಸೋಮವಾರದಿಂದ ಶುಕ್ರವಾರದವರೆಗೆ ಬರುವ ಇಂದಿನ ಧಾರಾವಾಹಿ ಆ 39 ಕಂತುಗಳನ್ನು ಎಂಟು ವಾರ ತುಂಬುವ ಮೊದಲೇ ನುಂಗಿಬಿಡುತ್ತದೆ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅರ್ಧ ಗಂಟೆಯ ಸಂಚಿಕೆಯಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದರಂತೆ ವರ್ಷಕ್ಕೆ 260 ಸಂಚಿಕೆ, ಅಂದರೆ 95 ಗಂಟೆಗೂ ಹೆಚ್ಚು. ಎರಡೂವರೆ ಗಂಟೆಯ ಸಿನಿಮಾದ ಅಳತೆಯಲ್ಲಿ ಹೇಳುವುದಾದರೆ ವರ್ಷಕ್ಕೆ 38 ಸಿನಿಮಾ. ಇಷ್ಟನ್ನು ಒಬ್ಬರೋ ಇಬ್ಬರೋ ಕೂತು ಬರೆಯುತ್ತಾರೆ. ಇದನ್ನು ಹೇಳಿದ್ದು ನಿಮ್ಮ ಕರುಣೆಗಾಗಿ ಅಲ್ಲ. ಈ ಕೆಲಸದ ಗುಣವನ್ನು ನಿರ್ಧರಿಸುವ ಮೊದಲ ಸಂಗತಿ ಇದೇ ಆಗಿರುವುದರಿಂದ.

ಈಗ ನಮ್ಮ ಮನೆಗೆ ಬರೋಣ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿ ಅಡಿಕೆ ಸುಲಿಯುವವರು ಬರುತ್ತಿದ್ದರು. ಅಂಗಳದ ಚಪ್ಪರದಡಿಯಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂರುವರು. ಜಗಲಿಯ ಕಿಟಕಿಯಲ್ಲಿ ಅಂಗಳಕ್ಕೆ ಮುಖಮಾಡಿ ಟಿವಿ ಇಡುವುದು ನಮ್ಮಲ್ಲಿ ರೂಢಿಯಾಯಿತು, ಏಕೆಂದರೆ ಟಿವಿ ಇಲ್ಲದ ಮನೆಗೆ ಸುಲಿಯುವವರು ಬರುವುದು ತಡವಾಗುತ್ತಿತ್ತು. ಆ ವರ್ಷಗಳಲ್ಲಿ ನಾನು ಗಮನಿಸಿದ ಒಂದು ವಿಷಯ ನನ್ನ ಬರವಣಿಗೆಯನ್ನೇ ಬದಲಿಸಿತು: ಅವರು ಯಾರೂ ಟಿವಿಯನ್ನು ನೋಡುತ್ತಿರಲಿಲ್ಲ. ಕೂಲಿ ಸುಲಿದಷ್ಟಕ್ಕೆ, ಅಳತೆಯ ಮೇಲೆ. ಕಣ್ಣು ಎತ್ತಿದರೆ ಒಂದು ಅಡಿಕೆ ಕಡಿಮೆಯಾಯಿತು, ಕಣ್ಣು ತಪ್ಪಿದರೆ ಬೆರಳು ಕೊಯ್ಯಿತು. ಅವರು ಧಾರಾವಾಹಿಯನ್ನು ಕೇಳುತ್ತಿದ್ದರು. ಪರದೆಯ ಮೇಲೆ ಯಾರೋ ಮೌನವಾಗಿ ಪತ್ರ ಓದಿ ಅತ್ತರೆ, ಹಿನ್ನೆಲೆಯಲ್ಲಿ ಪಿಟೀಲು ಏರಿದರೆ, ಸಾಲಿನ ನಡುವಿನಿಂದ ಒಂದು ಧ್ವನಿ ಬರುತ್ತಿತ್ತು: "ಎಂತದಾ ಅದು, ಯಾರು ಅಳೂದು?" ನಾವು ಮಕ್ಕಳು ಓಡಿ ನೋಡಿ ಹೇಳಬೇಕಿತ್ತು. ಆದರೆ ಪಾತ್ರಗಳು ವಾದಕ್ಕೆ ನಿಂತರೆ ಮಾತ್ರ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮೆಟ್ಟುಗತ್ತಿಯ ಕರಕರ ಸದ್ದಿನ ಲಯ ಕೂಡ ಒಂದಿಷ್ಟು ನಿಧಾನವಾಗುತ್ತಿತ್ತು.

ಮುಂದೆ ಸಂಭಾಷಣೆ ಬರೆಯಲು ಕುಳಿತಾಗ ಪ್ರತಿ ದೃಶ್ಯವನ್ನೂ ಆ ಸಾಲಿನ ಮುಂದೆ ಇಟ್ಟು ನೋಡುವುದು ನನಗೆ ಅಭ್ಯಾಸವಾಯಿತು. ಕಣ್ಣು ಮುಚ್ಚಿದರೂ ಈ ದೃಶ್ಯ ಅರ್ಥವಾಗುತ್ತದೆಯೇ? ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ಸಂಬೋಧನೆಯಿಂದಲೇ ತಿಳಿಯುತ್ತದೆಯೇ? ಧಾರಾವಾಹಿಯಲ್ಲಿ ಪಾತ್ರಗಳು ಮಾತಿಗೊಮ್ಮೆ "ನೋಡಿ ಅತ್ತಿಗೆ", "ಅಲ್ಲ ಮಾವ" ಎನ್ನುವುದನ್ನು ನೀವು ಗೇಲಿ ಮಾಡುವಿರಿ, ಗೊತ್ತು. ಅದು ಅಡುಗೆಮನೆಯಲ್ಲಿ ಒಗ್ಗರಣೆಯ ಮುಂದೆ ನಿಂತು ಕೇಳುವವರಿಗಾಗಿ ಇರುವ ಮಾತು.

ಈ ಹಿನ್ನೆಲೆಯಲ್ಲಿ ಸೀತಾರಾಮ್ ಅವರ ದಾರಿಯನ್ನು ನೋಡಬೇಕು. ಅವರು ಟಿವಿಗೆ ಬಂದದ್ದು ತಡವಾಗಿ, ಬೇರೆ ಬೇರೆ ಕಡೆ ಕೈ ಪಳಗಿಸಿಕೊಂಡ ಮೇಲೆ. ವಕೀಲಿ ವೃತ್ತಿ ಅವರದು. ನಾಟಕಕಾರರಾಗಿ 'ಆಸ್ಫೋಟ', 'ನಮ್ಮೊಳಗೊಬ್ಬ ನಾಜೂಕಯ್ಯ', 'ಬದುಕ ಮನ್ನಿಸು ಪ್ರಭುವೇ' ಇಂಥ ನಾಟಕಗಳನ್ನು ಬರೆದವರು. ನಮ್ಮದೇ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶರು ತಮ್ಮ 'ಬಿರುಕು' ಕಾದಂಬರಿಯನ್ನು ಆಧರಿಸಿ 1976ರಲ್ಲಿ 'ಪಲ್ಲವಿ' ಎಂಬ ಚಿತ್ರ ಮಾಡಿದಾಗ ಅದರ ನಾಯಕ ಈ ಸೀತಾರಾಮ್. ಆ ಚಿತ್ರಕ್ಕಾಗಿ ಲಂಕೇಶರಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ನ್ಯಾಯಾಲಯ, ರಂಗಭೂಮಿ, ಲಂಕೇಶರ ಒಡನಾಟ, ಈ ಮೂರೂ ಮನುಷ್ಯನಿಗೆ ಕಲಿಸುವುದು ಮುಖ್ಯವಾಗಿ ವಾದ ಮಾಡುವುದನ್ನೇ ಎಂದು ನಾನು ಹೇಳಿದರೆ ಲಂಕೇಶರನ್ನು ಬಲ್ಲ ಇಲ್ಲಿನ ಹಿರಿಯರು ನಗುತ್ತಾರೆ, ಆದರೆ ಅಲ್ಲಗಳೆಯುವುದಿಲ್ಲ.

1998ರಲ್ಲಿ ದೂರದರ್ಶನದ ಚಂದನದಲ್ಲಿ 'ಮಾಯಾಮೃಗ' ಬಂತು. ಸೀತಾರಾಮ್ ಅವರೊಡನೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಧಾರಾವಾಹಿ ಅದು. ಆ ಹೊತ್ತಿಗೆ ದಿನವೂ ಬರುವ ಕನ್ನಡ ಧಾರಾವಾಹಿ ಎಂಬುದೇ ಹೊಸ ಅಭ್ಯಾಸ. ಮಧ್ಯಮ ವರ್ಗದ ಮನೆ, ಆ ಮನೆಯ ಹಣದ ಚಿಂತೆ, ಓದಿದ ಹೆಣ್ಣುಮಕ್ಕಳ ಮದುವೆ ಮತ್ತು ಕೆಲಸದ ತಳಮಳ. ಅದರಲ್ಲಿ ಖಳರೆಂದು ಕಣ್ಣು ಕೆಂಪಾಗಿಸುವವರು ಕಡಿಮೆ. ನಟಿ ಮಾಳವಿಕಾ ಮನೆಮನೆಯ ಹೆಸರಾದದ್ದು ಆಗಲೇ. ನಮ್ಮ ಕಡೆ ಆ ದಿನಗಳಲ್ಲಿ ಸಂಕೇತ ಹಿಡಿಯುವುದೇ ಒಂದು ಸಾಹಸ. ಗುಡ್ಡದ ನೆರಳಿನಲ್ಲಿರುವ ಮನೆಗಳಲ್ಲಿ ಉದ್ದದ ಬಿದಿರಿಗೆ ಆಂಟೆನಾ ಕಟ್ಟಿ, ಒಬ್ಬರು ಹೊರಗೆ ತಿರುಗಿಸುತ್ತ, ಒಬ್ಬರು ಬಾಗಿಲಲ್ಲಿ ನಿಂತು ಕೂಗುತ್ತ, ಕೊನೆಗೆ ಚಿತ್ರ ಪೂರ್ತಿ ಚುಕ್ಕಿಚುಕ್ಕಿಯಾಗಿ ಧ್ವನಿ ಮಾತ್ರ ಸ್ಪಷ್ಟವಾಗಿ ಬಂದರೆ "ಸಾಕು ಬಿಡಿ, ಕೇಳ್ತದೆ" ಎಂದು ತೃಪ್ತಿಪಡುವ ಕಾಲ. ಅಂಥ ಚುಕ್ಕಿಗಳ ನಡುವೆಯೂ 'ಮಾಯಾಮೃಗ' ಪೂರ್ತಿಯಾಗಿ ತಲುಪಿತು. ಮಾತಿನ ಧಾರಾವಾಹಿಗೆ ಆಂಟೆನಾ ಅಷ್ಟೇನೂ ನೆಟ್ಟಗಿರಬೇಕಿಲ್ಲ.

2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾದ ಮೇಲೆ ಅವರ ಎರಡನೆಯ ಘಟ್ಟ. 'ಮನ್ವಂತರ', 'ಮುಕ್ತ', ಅನಂತರ 'ಮುಕ್ತ ಮುಕ್ತ' ಅಲ್ಲಿ ಬಂದವು. ಈ ನಡುವೆ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ 'ಮತದಾನ' ಚಿತ್ರವನ್ನು ನಿರ್ದೇಶಿಸಿದರು; ಅದು 2000ದ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೆ ಜನ ಅವರನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸುವುದು ಸಿಎಸ್‌ಪಿ ಎಂದು. 'ಮುಕ್ತ'ದಲ್ಲಿ ಅವರೇ ನಟಿಸಿದ ಆ ವಕೀಲನ ಪಾತ್ರ, ನಿಧಾನವಾಗಿ ಎದ್ದು, ಕನ್ನಡಕ ಸರಿಮಾಡಿಕೊಂಡು, ಸಾಕ್ಷಿಯನ್ನು ಒಂದು ಸಾಧಾರಣ ಪ್ರಶ್ನೆಯಿಂದ ಆರಂಭಿಸಿ ಮೂರನೆಯ ಪ್ರಶ್ನೆಗೆ ಗೋಡೆಗೆ ಒರಗಿಸುವ ಬಗೆ, ನನ್ನ ತಲೆಮಾರಿನವರಿಗೆ ಕಣ್ಣಿಗೆ ಕಟ್ಟಿದಂತಿದೆ.

ಈಗ ನಾನು ಮೊದಲು ಹೇಳಿದ ಖರ್ಚಿನ ಪಟ್ಟಿಯನ್ನು ತೆಗೆಯುತ್ತೇನೆ. ನಿರ್ಮಾಪಕಿಯಾಗಿ ನನಗೆ ತಿಳಿದ ಸತ್ಯವೆಂದರೆ, ಧಾರಾವಾಹಿಯಲ್ಲಿ ಖರ್ಚನ್ನು ಏರಿಸುವುದು ಜಾಗ ಬದಲಾಯಿಸುವುದು. ಒಂದು ಮನೆಯಿಂದ ಇನ್ನೊಂದು ಮನೆಗೆ ಯೂನಿಟ್ ಹೋಗಬೇಕೆಂದರೆ ಲೈಟು, ಜನರೇಟರು, ಮೇಕಪ್ಪು, ಊಟ ಎಲ್ಲವೂ ಹೋಗಬೇಕು, ಅರ್ಧ ದಿನ ಹಾಳು. ಆದ್ದರಿಂದ ಕಥೆ ನಡೆಯುವ ಜಾಗಗಳು ಕಡಿಮೆ ಇದ್ದಷ್ಟೂ ನಿರ್ಮಾಪಕರು ನಿದ್ದೆ ಮಾಡುತ್ತಾರೆ. ಎಲ್ಲ ಧಾರಾವಾಹಿಗಳಲ್ಲೂ ಆಸ್ಪತ್ರೆ ಏಕೆ ಬರುತ್ತದೆಂದು ಯೋಚಿಸಿದ್ದೀರಾ? ಎರಡು ಗೋಡೆ, ಒಂದು ಮಂಚ, ಒಂದು ಸಲೈನ್ ಬಾಟಲಿ. ಮಲಗಿದವರು ಮಾತಾಡಬೇಕಿಲ್ಲ, ಆ ನಟರಿಗೆ ಬೇರೆ ಕಡೆ ಕಾಲ್‌ಶೀಟ್ ಇದ್ದರೆ ಮುಖಕ್ಕೆ ಬ್ಯಾಂಡೇಜು ಸುತ್ತಿ ಇನ್ನೊಬ್ಬರನ್ನು ಮಲಗಿಸಬಹುದು. ನಾನೇ ಒಬ್ಬ ಮಾವನನ್ನು ಹನ್ನೊಂದು ಸಂಚಿಕೆ ಹಾಗೆ ಮಲಗಿಸಿದ್ದೇನೆ. ಪಾತ್ರಗಳು ಫೋನಿನಲ್ಲಿ ಅಷ್ಟೊಂದು ಮಾತಾಡುವುದೇಕೆ? ಇಬ್ಬರು ನಟರು ಒಂದೇ ದಿನ ಸಿಕ್ಕಿಲ್ಲ, ಅದಕ್ಕೆ. ಮದುವೆ ಎರಡು ವಾರ ನಡೆಯುವುದೇಕೆ? ಮಂಟಪ, ಹೂವು, ಒಡವೆ, ಜೂನಿಯರ್ ಕಲಾವಿದರು ಎಲ್ಲ ಸೇರಿದ ದೊಡ್ಡ ಖರ್ಚನ್ನು ಒಂದು ಸಂಚಿಕೆಗೆ ಹಾಕಿದರೆ ನಿರ್ಮಾಪಕರು ಮುಳುಗಿದರು, ಹತ್ತು ಸಂಚಿಕೆಗೆ ಹಂಚಿದರೆ ಬದುಕಿದರು. ತಾಳಿ ಕಟ್ಟುವ ಕೈಯನ್ನು ಶುಕ್ರವಾರ ತಡೆದು ಸೋಮವಾರದವರೆಗೆ ಗಾಳಿಯಲ್ಲಿ ನಿಲ್ಲಿಸುವುದರ ಹಿಂದೆ ಕುತೂಹಲದಷ್ಟೇ ಲೆಕ್ಕಾಚಾರವೂ ಇದೆ.

ನ್ಯಾಯಾಲಯದ ದೃಶ್ಯವನ್ನು ಈ ಕಣ್ಣಿನಿಂದ ನೋಡಿ. ಸೆಟ್ ಒಮ್ಮೆ ಹಾಕಿದರೆ ಆಯಿತು. ನ್ಯಾಯಾಧೀಶರ ಪೀಠ, ಎರಡು ಕಟಕಟೆ, ನಾಲ್ಕು ಸಾಲು ಬೆಂಚು. ಬೆಳಕು ಬದಲಾಗಬೇಕಿಲ್ಲ. ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ. ದಿನಕ್ಕೆ ಒಂದು ಸಂಚಿಕೆ ತೆಗೆಯುವುದು ಸಾಧಾರಣವಾದರೆ, ನಟರಿಗೆ ಮಾತು ಬಾಯಿಗೆ ಬಂದಿದ್ದಲ್ಲಿ ಕೋರ್ಟಿನಲ್ಲಿ ಅದಕ್ಕಿಂತ ಹೆಚ್ಚೇ ಸಾಗುತ್ತದೆ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ದೃಶ್ಯ ಇನ್ನೊಂದಿಲ್ಲ. ಆದರೆ ಎಲ್ಲ ಭಾರವೂ ಬರಹಗಾರರ ಮೇಲೆ ಬೀಳುತ್ತದೆ. ಮಾತು ಸೋತರೆ ಅಲ್ಲಿ ನೋಡಲು ಕಪ್ಪು ಕೋಟು ಬಿಟ್ಟರೆ ಬೇರೇನೂ ಇಲ್ಲ. ಉಳಿದ ನಿರ್ಮಾಪಕರೂ ಕೋರ್ಟಿನ ಸೆಟ್ ಹಾಕಿದರು, ಹಾಕುತ್ತಲೇ ಇದ್ದಾರೆ. ಬಹುಪಾಲು ಕಡೆ "ಆಬ್ಜೆಕ್ಷನ್ ಯುವರ್ ಆನರ್" ಎಂಬ ಕೂಗು ಎರಡು ಸಲ ಕೇಳಿಸಿ ದೃಶ್ಯ ಮುಗಿದುಹೋಗುತ್ತದೆ. ವಾದವನ್ನು ಹಂತಹಂತವಾಗಿ ಕಟ್ಟುವ, ಎದುರು ವಕೀಲನಿಗೂ ನ್ಯಾಯವಾದ ಮಾತನ್ನು ಕೊಡುವ ತಾಳ್ಮೆ ಇದ್ದದ್ದು ಸೀತಾರಾಮ್ ಅವರಿಗೆ. ಎದುರಾಳಿಗೆ ಒಳ್ಳೆಯ ಮಾತು ಬರೆಯಲು ಧೈರ್ಯ ಬೇಕು. ಅದು ನಮ್ಮಲ್ಲಿ ಅನೇಕರಿಗಿರಲಿಲ್ಲ, ನನಗೂ ಇರಲಿಲ್ಲ.

ಮಲೆನಾಡಿನಲ್ಲಿ ಈ ಕೋರ್ಟಿನ ದೃಶ್ಯಗಳಿಗೆ ಸಿಕ್ಕ ಆದರಕ್ಕೆ ಇನ್ನೊಂದು ಕಾರಣವಿದೆ ಎಂಬುದು ನನ್ನ ಊಹೆ. ನಾವು ತಾಳಮದ್ದಳೆಯ ಜನ. ಮಳೆಗಾಲದಲ್ಲಿ ಬಯಲಾಟ ನಿಂತ ಮೇಲೆ ದೇವಸ್ಥಾನದ ಪೌಳಿಯಲ್ಲೋ ದೊಡ್ಡ ಮನೆಯ ಜಗಲಿಯಲ್ಲೋ ಭಾಗವತರು, ಮದ್ದಳೆಯವರು, ಎದುರುಬದುರಾಗಿ ಕುಳಿತು ಪಾತ್ರಗಳ ಮಾತಾಡುವ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪದ್ಯ ಮುಗಿದ ಕೂಡಲೇ ಮಾತು, ಆ ಮಾತಿಗೆ ಎದುರು ಮಾತು, ರಾತ್ರಿಯಿಡೀ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಾಗಿದ್ದಾಗಿದೆ, ವಾಲಿ ಬಿದ್ದಿದ್ದಾನೆ. ಹೊರಗಿನ ಘಟನೆ ಅಲ್ಲಿಗೆ ಮುಗಿಯಿತು. ಪ್ರೇಕ್ಷಕರು ಕಾಯುತ್ತ ಕುಳಿತದ್ದು ಅದರ ಅನಂತರಕ್ಕೆ, ಬಿದ್ದವನು ಹೊಡೆದವನನ್ನು ಕೇಳುವ ಪ್ರಶ್ನೆಗಳಿಗೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನ ಪಾತ್ರ ಹಿಡಿದವರು ಉತ್ತರ ಹೇಳಲೇಬೇಕು, ಮತ್ತು ಒಳ್ಳೆಯ ಅರ್ಥಧಾರಿಗಳಿದ್ದ ದಿನ ಯಾರ ಕಡೆ ನ್ಯಾಯವಿದೆಯೆಂದು ಬೆಳಗಿನ ಕಾಫಿಯವರೆಗೂ ಜಗಲಿಯಲ್ಲಿ ಚರ್ಚೆ ನಿಲ್ಲುತ್ತಿರಲಿಲ್ಲ. ಸೀತಾರಾಮ್ ಬಯಲುಸೀಮೆಯ ಕಡೆಯವರು. ಅವರು ಇದನ್ನು ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ಕೇಳುವ ಕಿವಿ ನಮ್ಮಲ್ಲಿ ಮೊದಲೇ ತಯಾರಾಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ. 'ಮುಕ್ತ'ದ ವಾದವನ್ನು ನಮ್ಮ ದೊಡ್ಡಪ್ಪ ಕೇಳುತ್ತಿದ್ದದ್ದು ಕೂಡ ತಾಳಮದ್ದಳೆ ಕೇಳುವ ಭಂಗಿಯಲ್ಲೇ: ಕಣ್ಣು ಮುಚ್ಚಿ, ಕವಳ ಬಾಯಿಯಲ್ಲಿ ಒಂದು ಕಡೆ ಒತ್ತಿ, ಒಳ್ಳೆಯ ಮಾತು ಬಂದಾಗ ತೊಡೆಯ ಮೇಲೆ ಒಂದು ಪೆಟ್ಟು.

ಇನ್ನು ಹಣದ ಪದ್ಧತಿ ಹೇಗೆ ಬದಲಾಯಿತು ಎಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ದೂರದರ್ಶನದ ಪ್ರಾಯೋಜಿತ ಪದ್ಧತಿಯಲ್ಲಿ ನಿರ್ಮಾಪಕರೇ ಪ್ರಸಾರ ಶುಲ್ಕ ಕಟ್ಟಬೇಕು, ಅದಕ್ಕೆ ಪ್ರತಿಯಾಗಿ ಒಂದಿಷ್ಟು ಸೆಕೆಂಡುಗಳ ಜಾಹೀರಾತು ಸಮಯ ಸಿಗುತ್ತದೆ, ಅದನ್ನು ಸಾಬೂನಿನವರಿಗೋ ಅಗರಬತ್ತಿಯವರಿಗೋ ಮಾರಿಕೊಂಡು ಖರ್ಚು ಹುಟ್ಟಿಸಿಕೊಳ್ಳಬೇಕು. ಅಪಾಯ ನಿಮ್ಮದು, ಆದರೆ ಕಥೆಯೂ ನಿಮ್ಮದೇ. ಖಾಸಗಿ ವಾಹಿನಿಗಳಲ್ಲಿ ಬೆಳೆದ ಪದ್ಧತಿ ಬೇರೆ. ವಾಹಿನಿ ಸಂಚಿಕೆಗಿಷ್ಟು ಎಂದು ಕೊಡುತ್ತದೆ, ಜಾಹೀರಾತು ಅದೇ ಮಾರಿಕೊಳ್ಳುತ್ತದೆ, ಹಕ್ಕು ಅದರದ್ದೇ. ಜಾಹೀರಾತು ಮಾರುವ ತಲೆನೋವು ತಪ್ಪಿತೆಂದು ನಾವೆಲ್ಲ ಸಂತೋಷಪಟ್ಟೆವು. ಬರಬರುತ್ತ ಕಥೆಯ ಎಳೆ ವಾಹಿನಿಯಿಂದ, ಅನೇಕ ಸಲ ಬೇರೆ ಭಾಷೆಯ ಧಾರಾವಾಹಿಯಿಂದ ಬರತೊಡಗಿತು. ಚಿತ್ರಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು, ತಿದ್ದುಪಡಿ ಮೂರನೆಯವರದು. ಪ್ರತಿ ಗುರುವಾರ ರೇಟಿಂಗ್ ಬರುತ್ತದೆ, ಗುರುವಾರ ಮಧ್ಯಾಹ್ನ ಕಥೆ ತಿರುಗುತ್ತದೆ. ಇಲ್ಲಿ ಒಂದು ಮಾತು ನಮ್ಮೂರಿನವರು ಗಮನಿಸಬೇಕು. ಈ ರೇಟಿಂಗ್ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ 2015ರಲ್ಲಿ ಗ್ರಾಮೀಣ ಮನೆಗಳನ್ನೂ ಎಣಿಕೆಗೆ ಸೇರಿಸಿತು. ಅದಕ್ಕೆ ಹಿಂದಿನ ಲೆಕ್ಕ ಬಹುಪಾಲು ಪಟ್ಟಣಗಳದ್ದು. 'ಮಾಯಾಮೃಗ', 'ಮುಕ್ತ'ಗಳನ್ನು ನಮ್ಮ ಅಂಗಳದಲ್ಲಿ ಕೂತು ಕೇಳಿದ ಆ ಹತ್ತು ಹನ್ನೆರಡು ಜನ ಯಾವ ಲೆಕ್ಕದಲ್ಲೂ ಇರಲಿಲ್ಲ.

ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಬರಹಗಾರರಿಗೆ ರಾಯಧನದ ಹಕ್ಕನ್ನು ಕೊಟ್ಟಿತು. ಸಹಿ ಹಾಕುವ ಮುಂಚೆ ಅದನ್ನು ಓದಿ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ನಾನು ಓದದೆ ಹಾಕಿದ ಸಹಿಗಳ ಕಥೆ ಹೇಳತೊಡಗಿದರೆ ಸಂಜೆಯ ಬಸ್ಸು ತಪ್ಪುತ್ತದೆ.

ನಾನು ನಿರ್ಮಾಪಕಿಯಾದ ಕಥೆ ಹೇಳುತ್ತೇನೆಂದು ಆರಂಭದಲ್ಲೇ ಸುಳಿವು ಕೊಟ್ಟಿದ್ದೆ. ವಾಹಿನಿಯ ಹೆಸರು ಬೇಡ. ಮಲೆನಾಡಿನ ಮನೆಯೊಂದರ ಕಥೆ. ಮೂವರು ಅಕ್ಕತಂಗಿಯರು, ಪಾಲಾಗದ ಒಂದು ತೋಟ. ಮಲೆನಾಡಿನ ಮನೆ ಎಂದು ಧಾರಾವಾಹಿಗಳಲ್ಲಿ ತೋರಿಸುವುದು ಹೆಚ್ಚಾಗಿ ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗಳನ್ನು. ಒಂದು ತುಳಸಿಕಟ್ಟೆ, ಎರಡು ಪ್ಲಾಸ್ಟಿಕ್ ಅಡಿಕೆ ಗೊನೆ ನೇತುಹಾಕಿದರೆ ತೀರ್ಥಹಳ್ಳಿಯಾಯಿತು. ನಾನು ಹಾಗೆ ಮಾಡುವುದಿಲ್ಲವೆಂದು ಹಟ ಹಿಡಿದೆ. ಮೇ ತಿಂಗಳ ಕೊನೆಯ ವಾರ, ಮುಂಗಾರಿಗೆ ಇನ್ನೂ ದಿನಗಳಿವೆ ಎಂಬ ಧೈರ್ಯದಲ್ಲಿ, 38 ಜನರ ಯೂನಿಟ್ಟನ್ನು ಕರೆತಂದು ತೀರ್ಥಹಳ್ಳಿಯ ವಸತಿಗೃಹದಲ್ಲಿ ಇಳಿಸಿ, ನಮ್ಮ ಸಂಬಂಧಿಕರೊಬ್ಬರ ಹಳೆಯ ಮನೆಯಲ್ಲಿ ಹನ್ನೆರಡು ದಿನದ ಶೆಡ್ಯೂಲ್ ಹಾಕಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಕ್ಯಾಲೆಂಡರನ್ನು ನಂಬಿದೆ. ಮೂರನೆಯ ದಿನ ಮಧ್ಯಾಹ್ನ ಗುಡುಗು ಸಹಿತ ಮಳೆ. ನಾಲ್ಕನೆಯ ದಿನವೂ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಮಳೆ. ಅಂಗಳಕ್ಕೆ ಹೊದಿಸಿದ್ದ ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಎದುರು ನಿಂತವರ ಮಾತೇ ಕೇಳುತ್ತಿರಲಿಲ್ಲ, ಇನ್ನು ಮೈಕಿಗೆ ಏನು ಕೇಳಬೇಕು? ಮಾತಿನ ಧಾರಾವಾಹಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಹನ್ನೆರಡು ದಿನಕ್ಕೆ ಆದದ್ದು ಐದು ಸಂಚಿಕೆ.

ಅಷ್ಟರಲ್ಲಿ ಬರಹಗಾರಳಾದ ನಾನು ಒಂದು ಜಾಣತನ ಮಾಡಿದೆ. ಅಂಗಳ ಒದ್ದೆಯಾಗಿದ್ದರೆ ಇರಲಿ, ಕಥೆಯಲ್ಲೇ ಮಳೆ ತಂದುಬಿಡೋಣ ಎಂದು ಅಕ್ಕತಂಗಿಯರ ಜಗಳದ ದೃಶ್ಯವನ್ನು ಸುರಿಯುವ ಮಳೆಯಲ್ಲಿ ಬರೆದೆ. ಅರ್ಧ ದೃಶ್ಯ ಆಗುವಾಗ ಸಂಜೆಯಾಯಿತು, ಮರುದಿನ ಹಿರಿಯ ನಟಿಯ ಕಾಲ್‌ಶೀಟ್ ಮುಗಿಯಿತು, ಉಳಿದರ್ಧವನ್ನು ಬೆಂಗಳೂರಿನ ಸೆಟ್ಟಿನಲ್ಲಿ ತೆಗೆಯುವುದೆಂದಾಯಿತು. ಬೆಂಗಳೂರಿನಲ್ಲಿ ಅಂದು ಬಿರುಬಿಸಿಲು. ಮಳೆಗೆ ಮಳೆ ಹೊಂದಬೇಕಲ್ಲ; ಎರಡು ಟ್ಯಾಂಕರ್ ನೀರು ತರಿಸಿ, ಪೈಪಿಗೆ ತೂತು ಹೊಡೆಸಿ, ಮಳೆ ಸುರಿಸಿದೆವು. ಊರಿನಲ್ಲಿ ಬೇಡವೆಂದರೂ ಬಿದ್ದು ನನ್ನನ್ನು ಮುಳುಗಿಸಿದ ಮಳೆಯನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕೊಂಡ ನಿರ್ಮಾಪಕಿ ಬಹುಶಃ ನಾನೊಬ್ಬಳೇ. ನಾಲ್ಕು ತಿಂಗಳಾದ ಮೇಲೆ ವಾಹಿನಿಯವರು ಧಾರಾವಾಹಿಯನ್ನು ರಾತ್ರಿಯಿಂದ ಸಂಜೆ ಐದೂವರೆಗೆ ತಳ್ಳಿದರು, ಏಳನೆಯ ತಿಂಗಳಲ್ಲಿ ಫೋನ್ ಮಾಡಿ ಎರಡು ವಾರದಲ್ಲಿ ಮುಗಿಸಿ ಎಂದರು. ಮುಗಿಸಬೇಕಾದ ಕಥೆ ಇನ್ನೂ ಒಂದು ವರ್ಷದ್ದಿತ್ತು. ಹತ್ತು ಸಂಚಿಕೆಯಲ್ಲಿ ಎರಡು ಮದುವೆ, ಒಂದು ಸಾವು, ಒಂದು ಕ್ಷಮೆ ಮುಗಿಸಿದೆ. ತೋಟದ ಮೇಲಿನ ಸಾಲ ತೀರಲು ಆರು ವರ್ಷ ಹಿಡಿಯಿತು.

ಮಲೆನಾಡು ಕಿರುತೆರೆಯಲ್ಲಿ ಏಕೆ ಕಾಣುವುದಿಲ್ಲ ಎಂದು ನನ್ನನ್ನು ಕೇಳುವವರಿಗೆ ನಾನು ಆ ಟ್ಯಾಂಕರಿನ ರಸೀದಿಯನ್ನು ತೋರಿಸುತ್ತೇನೆ. ಊರು ಕಾಣದಿದ್ದರೂ ಊರಿನ ಜನ ಅಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಮ್ ರಂಗಶಿಕ್ಷಣ ಕೇಂದ್ರದಿಂದ ಹೊರಬಂದ ಎಷ್ಟೋ ಮಂದಿ ಧಾರಾವಾಹಿಗಳ ತಂದೆ, ಚಿಕ್ಕಪ್ಪ, ಖಳ, ಪೊಲೀಸು ಆಗಿದ್ದಾರೆ. ಅಲ್ಲಿ ಕಲಿತವರಿಗೆ ಸಂಭಾಷಣೆ ಬರೆಯುವುದು ಸುಖ. ಹಾಳೆಯಲ್ಲಿ ಅಲ್ಪವಿರಾಮ ಎಲ್ಲಿದೆಯೋ ಅಲ್ಲೇ ಉಸಿರು ತೆಗೆದುಕೊಳ್ಳುತ್ತಾರೆ.

ಸಭೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬರು, ಈಗ ಸೀತಾರಾಮ್ ಅವರಂತೆ ಬರೆದು ನಿರ್ಮಿಸಿ ಬದುಕಲು ಸಾಧ್ಯವೇ ಎಂದು ಕೇಳಿದರು. ಸೀತಾರಾಮ್ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ 'ಮಗಳು ಜಾನಕಿ' ಮಾಡಿದರು, ಆಮೇಲೆ ಸಿರಿ ಕನ್ನಡ ವಾಹಿನಿಗೆ 'ಮತ್ತೆ ಮಾಯಾಮೃಗ' ಬಂತು. ಎಪ್ಪತ್ತರ ಆಚೆಗೂ ಅವರು ಬರೆಯುತ್ತಿದ್ದಾರೆಂದರೆ ದಾರಿ ಪೂರ್ತಿ ಮುಚ್ಚಿಲ್ಲ. ಆದರೆ ಮೊದಲು ಎರಡು ವರ್ಷ ಬೇರೆಯವರ ಧಾರಾವಾಹಿಗೆ ಸಂಭಾಷಣೆ ಬರೆಯಿರಿ ಎಂದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ನಾಳೆ ಅತ್ತೆಯ ಪಾತ್ರದವರು ಬರುವುದಿಲ್ಲ ಎನ್ನುತ್ತಾರೆ, ಬೆಳಗ್ಗೆ ಒಂಬತ್ತಕ್ಕೆ ಫ್ಲೋರಿನಲ್ಲಿ ಹಾಳೆ ಇರಬೇಕು. ಅತ್ತೆ ಇಲ್ಲದ ಮನೆಯಲ್ಲಿ ಅತ್ತೆಯ ಭಯವನ್ನು ಬರೆಯಲು ಬಂದರೆ, ಆಮೇಲೆ ಚೆಕ್ ಪುಸ್ತಕ ತೆಗೆಯಬಹುದು.

ಕೊನೆಯದಾಗಿ ಒಂದು ಪ್ರಸಂಗ. ನನ್ನ ಧಾರಾವಾಹಿ ನಿಂತ ವರ್ಷದ ಕೊಯ್ಲಿಗೆ ಊರಿಗೆ ಹೋಗಿದ್ದೆ. ಅಡಿಕೆ ಸುಲಿಯಲು ನನ್ನ ಬಾಲ್ಯದಿಂದಲೂ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು, ತಲೆ ಎತ್ತದೆಯೇ, "ಸಣ್ಣಮ್ಮಾ, ನಿಮ್ಮ ಕಥೆ ಹಾಗೆ ಮುಗಿಯೂದಲ್ಲ ಅಲ್ದಾ? ನಡು ಹುಡುಗಿಗೆ ಎಂತಾಯ್ತು?" ಎಂದರು. ಹತ್ತು ಸಂಚಿಕೆಯಲ್ಲಿ ನಾನು ತುರುಕಿದ್ದನ್ನು ಅವರ ಕಿವಿ ಒಪ್ಪಿರಲಿಲ್ಲ. ಅಲ್ಲೇ ಒಂದು ಮಣೆ ಹಾಕಿಕೊಂಡು ಕುಳಿತು, ಬರೆಯದೇ ಉಳಿದ ಒಂದು ವರ್ಷದ ಕಥೆಯನ್ನು ಎರಡು ರಾತ್ರಿ ಹೇಳಿದೆ. ನಡುವಿನ ತಂಗಿ ಅಕ್ಕನನ್ನು ಕ್ಷಮಿಸಿ ತೋಟದ ಪಾಲನ್ನು ಬಿಟ್ಟುಕೊಡುತ್ತಾಳೆ ಎಂಬಲ್ಲಿಗೆ ಬಂದಾಗ ಮೆಟ್ಟುಗತ್ತಿಯ ಸದ್ದು ನಿಂತಿತು. "ಬಿಟ್ಟುಕೊಡೂದಾ? ಅವಳು ಹಂಗೆಲ್ಲ ಬಿಡೂದಿಲ್ಲ. ಕೋರ್ಟಿಗೆ ಹೋಗ್ತಾಳೆ" ಎಂದು ಹೇಳಿ ಅವರು ಮುಂದಿನ ಅಡಿಕೆಗೆ ಕೈ ಹಾಕಿದರು. ಹಾಗಾಗಿ ಎರಡನೆಯ ರಾತ್ರಿ, ಚಪ್ಪರದಡಿಯಲ್ಲಿ, ಯಾವ ಸೆಟ್ಟೂ ಇಲ್ಲದೆ, ತೀರ್ಥಹಳ್ಳಿಯ ಕೋರ್ಟಿನಲ್ಲಿ ಇಬ್ಬರು ಅಕ್ಕತಂಗಿಯರ ವಾದ ನಡೆಯಿತು. ಅಕ್ಕನ ಕಡೆಯ ವಕೀಲನಿಗೂ ಆ ದಿನ ಒಳ್ಳೆಯ ಮಾತು ಕೊಟ್ಟೆ.